ಅರ್ಧ ವಾಕ್ಯದ ಹಾಜರಿ

ನಮ್ಮ ಇಂಗ್ಲಿಷ್ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದಾಗ ನಾನು ಚಳ್ಳಕೆರೆಯ ಶಾಲೆಯಲ್ಲಿ ಒಂಬತ್ತನೇ ತರಗತಿಯ ಹಾಜರಿ ತೆಗೆದುಕೊಳ್ಳುತ್ತಿದ್ದೆ. ಅರ್ಧ ದಿನ ರಜೆ ಬರೆದುಕೊಟ್ಟು ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ದುಃಖವಾಗಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಎಪ್ಪತ್ತರ ಹತ್ತಿರದ ಮನುಷ್ಯ, ತಿಂಗಳಿಂದ ಹಾಸಿಗೆ ಹಿಡಿದಿದ್ದರು. ಹಾರ ಹಾಕಿ, ಕಾಲು ಮುಟ್ಟಿ, ಮಣ್ಣು ಮುಗಿಸಿಕೊಂಡು ಸಂಜೆಯ ಬಸ್ಸಿಗೆ ವಾಪಸಾಗುವುದು ನನ್ನ ಲೆಕ್ಕ. ಆ ಲೆಕ್ಕ ಅಲ್ಲಿ ತಲುಪಿದ ಹತ್ತು ನಿಮಿಷದಲ್ಲಿ ತಲೆಕೆಳಗಾಯಿತು.

ನಾನು ಹೋದಾಗ ನೇತ್ರದಾನದ ಪ್ರಚಾರ ಮಾಡುವ ಇಬ್ಬರು ಯುವಕರು ಜಗುಲಿಯ ಮೇಲೆ ನಿಂತು ಮನೆಯವರನ್ನು ಕೇಳುವುದೋ ಬೇಡವೋ ಎಂದು ಮಾತಾಡಿಕೊಳ್ಳುತ್ತಿದ್ದರು. ಕೊನೆಗೆ ಒಬ್ಬ ಧೈರ್ಯ ಮಾಡಿ ಒಳಗೆ ಬಂದು, ಮೇಷ್ಟ್ರ ತಲೆದೆಸೆಯಲ್ಲಿ ಕೂತಿದ್ದ ಅವರ ಹೆಂಡತಿಯ ಮುಂದೆ ಮೊಣಕಾಲೂರಿ, ಕಣ್ಣು ಕೊಡುತ್ತೀರಾ ಅಮ್ಮಾ ಎಂದು ಮೆಲ್ಲಗೆ ಕೇಳಿದ. ಆಕೆ ಆಂಧ್ರದ ಗಡಿಯಾಚೆಯಿಂದ ಬಂದವರು. ಅತ್ತು ಅತ್ತು ದನಿ ಒಡೆದಿತ್ತು.

"ಆ ಕಣ್ಣು ಯಾರಿಗೆ ಬೇಕು ನಾಯನಾ? ಅವು ಹೋಗಿ ಇಪ್ಪತ್ತು ವರ್ಷ ಆಯ್ತು" ಎಂದರು.

ಆ ಯುವಕ, ಹಾಗಲ್ಲಮ್ಮಾ, ನೋಟ ಹೋಗಿದ್ದರೂ ಕಣ್ಣಿನ ಮೇಲಿನ ತೆಳು ಪದರ ಚೆನ್ನಾಗಿದ್ದರೆ ಇನ್ನೊಬ್ಬರಿಗೆ ಆಗುತ್ತದೆ ಎಂದು ವಿವರಿಸತೊಡಗಿದ. ಹಾಗಾದರೆ ತೆಗೆದುಕೊಂಡು ಹೋಗಿ ಎಂದು ಆಕೆ ಒಪ್ಪಿಯೂಬಿಟ್ಟರು. ನನ್ನ ಕಿವಿಗೆ ಅದ್ಯಾವುದೂ ಸರಿಯಾಗಿ ಬೀಳಲಿಲ್ಲ. ಕೈಯಲ್ಲಿ ಹಾರ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಇಪ್ಪತ್ತು ವರ್ಷ. ನಾನು ಅವರ ಕೈಕೆಳಗೆ ಹತ್ತನೇ ತರಗತಿ ಓದಿದ್ದು ಹದಿನೇಳು ವರ್ಷದ ಹಿಂದೆ. ಎಷ್ಟು ಸಲ ಕಳೆದರೂ ಉತ್ತರ ಒಂದೇ ಬರುತ್ತಿತ್ತು. ಎದೆ ಧಸಕ್ಕೆಂದಿತು ಎಂದು ನಾನು ಎಷ್ಟೋ ಸಲ ಬರೆದಿದ್ದೇನೆ, ಮಕ್ಕಳ ಪ್ರಬಂಧದಲ್ಲಿ ಓದಿ ಹೊಡೆದೂ ಹಾಕಿದ್ದೇನೆ. ಹಾಗೆಂದರೆ ಏನೆಂದು ಗೊತ್ತಾದದ್ದು ಆವತ್ತು.

ಮೇಷ್ಟ್ರು ನಮ್ಮ ಮೊಳಕಾಲ್ಮೂರಿನ ಹೈಸ್ಕೂಲಿಗೆ ಬಂದದ್ದು ತೊಂಬತ್ತರ ದಶಕದ ಶುರುವಿನಲ್ಲಿ. ಬಿಳಿ ಅಂಗಿ, ಬಿಳಿ ಪಂಚೆ, ಕೈಯಲ್ಲಿ ಬಿಸಿಲಿದ್ದರೂ ಮೋಡವಿದ್ದರೂ ಒಂದು ಮಡಿಚಿದ ಕೊಡೆ. ಆ ಕೊಡೆಯನ್ನು ಅವರು ಬಿಚ್ಚಿದ್ದನ್ನು ನಾನು ಕಂಡಿಲ್ಲ. ಅದರ ತುದಿಯನ್ನು ನೆಲಕ್ಕೆ ಟಕ್ ಟಕ್ ಎಂದು ಊರುತ್ತ ಬರುತ್ತಿದ್ದರು. ಆ ಸದ್ದು ಕೇಳಿದರೆ ನಾವು ಗಪ್‌ಚಿಪ್. ಮೇಷ್ಟ್ರ ಗತ್ತು ಅದು ಎಂದುಕೊಂಡಿದ್ದೆವು. ನಮ್ಮಲ್ಲಿ ಒಬ್ಬ ಜಾಲಿಯ ಕೋಲು ಹಿಡಿದು ಅವರ ನಡಿಗೆಯನ್ನು ಅಣಕಿಸಿ ತೋರಿಸುತ್ತಿದ್ದ, ಉಳಿದವರು ಹೊಟ್ಟೆ ಹಿಡಿದು ನಗುತ್ತಿದ್ದರು. ಅಣಕಿಸುತ್ತಿದ್ದವನು ಯಾರೆಂದು ಹೇಳಿಬಿಡುತ್ತೇನೆ, ನಾನೇ.

ಅವರ ಹಾಜರಿ ಎಲ್ಲರ ಹಾಗೆ ಇರಲಿಲ್ಲ. ಹೆಸರು ಕೂಗುತ್ತಿರಲಿಲ್ಲ, ಎಸ್ ಸಾರ್ ಅನ್ನಿಸಿಕೊಳ್ಳುತ್ತಿರಲಿಲ್ಲ. ವರ್ಷದ ಮೊದಲ ವಾರದಲ್ಲಿ ಒಬ್ಬೊಬ್ಬರನ್ನೂ ಕರೆದು ಮನೆ, ಊರು, ಅಪ್ಪ ಅವ್ವನ ಕೆಲಸ ಎಲ್ಲ ಕೇಳಿಕೊಂಡು, ಒಬ್ಬೊಬ್ಬರಿಗೂ ಒಂದೊಂದು ಅರ್ಧ ಇಂಗ್ಲಿಷ್ ವಾಕ್ಯ ಹಂಚಿದರು. ಬೆಳಿಗ್ಗೆ ಅವರು ಆ ಅರ್ಧ ಹೇಳಬೇಕು, ಅದು ಯಾರದೋ ಅವರು ಎದ್ದು ಉಳಿದರ್ಧ ಸೇರಿಸಬೇಕು. ನಿನ್ನೆ ಹೇಳಿದ್ದನ್ನು ಇವತ್ತು ಹೇಳುವ ಹಾಗಿಲ್ಲ. ನೇಕಾರರ ಮನೆಯ ಹುಡುಗಿಯೊಬ್ಬಳದು 'ಬಿಕಾಸ್ ದ ಲೂಮ್ ಈಸ್ ಓಲ್ಡ್', ಮಗ್ಗ ಹಳೆಯದಾದ್ದರಿಂದ. ತಳಕಿನ ಕಡೆಯಿಂದ ಬಂದು ನೆಂಟರ ಮನೆಯಲ್ಲಿದ್ದವನದು 'ಇಫ್ ದ ಬಸ್ ಈಸ್ ಲೇಟ್', ಬಸ್ಸು ತಡವಾದರೆ. ನಾನು ಕೊಂಡ್ಲಹಳ್ಳಿಯ ಶೇಂಗಾ ವ್ಯಾಪಾರಿಯ ಮಗ. ಅಪ್ಪ ಮೂರು ದಿನ ಊರಲ್ಲಿದ್ದರೆ ನಾಲ್ಕು ದಿನ ಚಳ್ಳಕೆರೆಯ ಮಂಡಿಯಲ್ಲಿ. ನನಗೆ ಬಂದದ್ದು 'ವೆನ್ ಮೈ ಫಾದರ್ ಕಮ್ಸ್ ಹೋಮ್', ನಮ್ಮಪ್ಪ ಮನೆಗೆ ಬಂದಾಗ.

ಅವಲಂಬಿತ ವಾಕ್ಯ, ಸ್ವತಂತ್ರ ವಾಕ್ಯ ಎಂದು ಪುಸ್ತಕದಲ್ಲಿ ಏನೇನೋ ಇತ್ತು. ಅವರು ಪುಸ್ತಕ ಮುಚ್ಚಿಸಿದರು. "ಒಂದು ಮಾತು ಹೇಳಿ ನಿಲ್ಲಿಸ್ರಿ. ಕೇಳೋನು ಆಮೇಲೇನು ಅಂತ ಕಾಯ್ತಾ ಕೂತ್ರೆ ಅದು ಡಿಪೆಂಡೆಂಟು. ಮುಗೀತು ಅಂತ ಎದ್ದು ಹೋದ್ರೆ ಇಂಡಿಪೆಂಡೆಂಟು. ಇಷ್ಟೇ ಐತೆ ಕಣ್ರೋ" ಎಂದರು. ಕನ್ನಡದಲ್ಲಿ ಕಾಯಿಸುವ ಮಾತು ಸಾಮಾನ್ಯವಾಗಿ ಮೊದಲೇ ಬರುತ್ತದೆ, ಇಂಗ್ಲಿಷಿನಲ್ಲಿ ಮೊದಲೂ ಬರುತ್ತದೆ ಕೊನೆಗೂ ಬರುತ್ತದೆ, ಆದರೆ ಜೊತೆಗೊಂದು ಪೂರ್ತಿ ಮಾತಿಲ್ಲದೆ ಬರುವುದಿಲ್ಲ ಎಂದೂ ಹೇಳಿದರು. ಆವತ್ತಿನಿಂದ ಇವತ್ತಿನವರೆಗೆ ಆ ಪಾಠವನ್ನು ನಾನು ಮರೆತಿಲ್ಲ, ಯಾರೂ ಮರೆತಿರಲಿಕ್ಕಿಲ್ಲ. ಬಸ್ಸಿನವನು ಒಂದು ದಿನ ಏನೂ ಹೊಳೆಯದೆ, ಬಸ್ಸು ತಡವಾದರೆ ಡ್ರೈವರ್ ನಮ್ಮ ಮಾವ ಎಂದು ಇಂಗ್ಲಿಷಿನಲ್ಲಿ ಒದರಿದ. ಕ್ಲಾಸೆಲ್ಲ ನಕ್ಕಿತು. ಮೇಷ್ಟ್ರೂ ನಕ್ಕು, ನಿನ್ನ ವಾಕ್ಯಕ್ಕೆ ಸಂಬಂಧ ಇಲ್ಲ, ಆದರೆ ನಿಲ್ಲೋಕೆ ಕಾಲು ಐತೆ, ಕೂತ್ಕ ಎಂದರು.

ಈಗ ಅನ್ನಿಸುತ್ತದೆ, ನಾವು ಎಂಥ ಪೆದ್ದರು. ಅವರು ಹಾಜರಿ ತೆಗೆದುಕೊಳ್ಳುವಾಗ ಕಣ್ಣು ಮುಚ್ಚಿರುತ್ತಿದ್ದರು. ನಲವತ್ತೆರಡು ಜನರ ದನಿ ಯಾವ ಮೂಲೆಯಿಂದ ಬಂತು, ಶೀತವಾಗಿದೆಯೋ, ಅಳು ಇದೆಯೋ ಎಲ್ಲ ಅವರಿಗೆ ಗೊತ್ತಾಗುತ್ತಿತ್ತು. ಮಗ್ಗದ ಹುಡುಗಿ ಒಂದು ಬೆಳಿಗ್ಗೆ ಎಂದಿನ ಹಾಗೆಯೇ ಉತ್ತರ ಹೇಳಿ ಕೂತಳು. ಮೇಷ್ಟ್ರು, ನೀನು ನಿನ್ನೆಯಿಂದ ಊಟ ಮಾಡಿಲ್ಲ ಎಂದುಬಿಟ್ಟರು. ಅವಳು ಮುಖ ಮುಚ್ಚಿಕೊಂಡು ಅತ್ತಳು. ಮನೆಯಲ್ಲಿ ಜಗಳವಾಗಿತ್ತಂತೆ. ನಾವು ಬೆರಗಾಗಿ, ಮೇಷ್ಟ್ರಿಗೆ ಮುಖ ನೋಡಿದರೆ ಹೊಟ್ಟೆಯೊಳಗಿನದು ಕಾಣುತ್ತದೆ ಎಂದು ಮಾತಾಡಿಕೊಂಡೆವು.

ನೋಟ್‌ಬುಕ್ಕನ್ನು ಅವರು ತಿದ್ದುತ್ತಿರಲಿಲ್ಲ. ನಮ್ಮದನ್ನು ನಾವೇ ಗಟ್ಟಿಯಾಗಿ ಓದಬೇಕು. ಅವರು ಕುರ್ಚಿಯಲ್ಲಿ ಒರಗಿ ಕೇಳುತ್ತ, ತಪ್ಪು ಬಂದ ಕಡೆ ನಿಲ್ಲು ಎನ್ನುತ್ತಿದ್ದರು. ಯಾಕೆ ನಿಂತೆವೆಂದು ನಾವೇ ಕಂಡುಹಿಡಿದು, ಅವರ ಕೆಂಪು ಪೆನ್ನು ಇಸಿದುಕೊಂಡು ನಮ್ಮ ಕೈಯಾರೆ ಗೀಟು ಹಾಕಬೇಕು. ಬೋರ್ಡಿನ ಮೇಲೆ ಬರೆಯುವುದೂ ನಮ್ಮದೇ ಕೆಲಸ. ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಇದನ್ನು ನೋಡಿ, ಇಂಥ ಆಧುನಿಕ ವಿಧಾನ ಜಿಲ್ಲೆಯಲ್ಲೇ ಇಲ್ಲ ಎಂದು ಹೊಗಳಿ ಹೋದರು. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಮೇಷ್ಟ್ರು ಸಾಯುವ ಎರಡು ವರ್ಷದ ಹಿಂದೆ ಶಿಕ್ಷಕರ ತರಬೇತಿಯಲ್ಲಿ ನಾನು ಈ ವಿಧಾನದ ಶೈಕ್ಷಣಿಕ ಮಹತ್ವ ಎಂದು ಒಂದು ಗಂಟೆ ಭಾಷಣ ಮಾಡಿದ್ದೇನೆ. ಸ್ವಯಂ ತಿದ್ದುಪಡಿ, ಶ್ರವಣ ಕೌಶಲ ಎಂದೆಲ್ಲ ದೊಡ್ಡ ದೊಡ್ಡ ಮಾತು ಉದುರಿಸಿದ್ದೇನೆ. ಚಪ್ಪಾಳೆಯೂ ಬಿತ್ತು. ಅವರಿಗೆ ಅಕ್ಷರ ಕಾಣುತ್ತಿರಲಿಲ್ಲ, ಅದಕ್ಕೇ ಹಾಗೆ ಮಾಡಿದರು ಎಂಬ ಸರಳ ಸಂಗತಿ ನನ್ನ ಭಾಷಣದಲ್ಲಿ ಇರಲಿಲ್ಲ.

ಒಂದು ಸಲ ನಾವು ಅವರ ಕುರ್ಚಿಯನ್ನು ಎರಡು ಮಾರು ಆಚೆ ಸರಿಸಿಟ್ಟೆವು. ಸುಮ್ಮನೆ ತಮಾಷೆಗೆ. ಅವರು ಬಂದರು, ಕೊಡೆಯನ್ನು ಮೇಜಿಗೆ ಆನಿಸಿದರು, ಕೂರಲು ಹೋಗಿ ಕೈ ಹಿಂದಕ್ಕೆ ಚಾಚಿ ತಡವಿದರು, ಸಿಗಲಿಲ್ಲ. ಒಂದು ಗಳಿಗೆ ಹಾಗೇ ಇದ್ದು, ನೆಟ್ಟಗೆ ನಿಂತು, ಪಾಠ ಶುರು ಮಾಡಿದರು. ನಲವತ್ತು ನಿಮಿಷ ನಿಂತೇ ಇದ್ದರು. ಕುರ್ಚಿ ಪಕ್ಕದಲ್ಲೇ ಇದೆ, ಆದರೂ ಹೋಗಿ ಕೂರಲೊಲ್ಲರು. ಎಂಥ ಸಿಟ್ಟಿನ ಮನುಷ್ಯ ಎಂದುಕೊಂಡೆವು.

ಇನ್ನು ನಮ್ಮಕ್ಕನ ಮದುವೆಯ ವಿಷಯಕ್ಕೆ ಬರಬೇಕು. ಹೇಳಲು ನಾಚಿಕೆ, ಹೇಳದೆ ಈ ಬರಹ ಮುಗಿಯುವುದಿಲ್ಲ.

ನಮ್ಮ ಮನೆಯಲ್ಲಿ ಅಜ್ಜನ ಕಾಲದ ಒಂದು ಕಟ್ಟಳೆ. ಮದುವೆಯ ಊಟ ಮುಗಿಸಿ ಹೊರಡುವ ನೆಂಟರಿಗೆ ಮನೆಯ ಹಿರಿಯನೇ ಚಪ್ಪರದ ಬಾಗಿಲಲ್ಲಿ ನಿಂತು ಎಲೆ ಅಡಿಕೆ ಕಾಯಿ ಕೊಡಬೇಕು. ಕೊಡುವಾಗ ಬಾಯಿ ಬಿಡಬಾರದು. ತಗೊಳ್ರಿ ಎಂದರೆ ಒತ್ತಾಯ ಮಾಡಿದ ಹಾಗೆ, ನಮ್ಮ ವೀಳ್ಯಕ್ಕೆ ಒತ್ತಾಯ ಬೇಕಿಲ್ಲ ಎಂಬ ಹಮ್ಮು. ಅಪ್ಪ ಜರಿ ರುಮಾಲು ಸುತ್ತಿ, ಎರಡೂ ಕೈ ಚಾಚಿ, ತುಟಿ ಬಿಗಿದು ನಿಂತಿದ್ದರು. ಬಂದವರು ತಾವಾಗಿ ಕೈಯೊಡ್ಡಿ, ಹಣೆಗೊತ್ತಿಕೊಂಡು ತೆಗೆದುಕೊಳ್ಳುತ್ತಿದ್ದರು. ಮೇಷ್ಟ್ರು ಮೊಳಕಾಲ್ಮೂರಿನಿಂದ ಒಬ್ಬರೇ ಬಂದಿದ್ದರು. ಊಟ ಮಾಡಿ, ಅಕ್ಕನಿಗೆ ಹರಸಿ ಹೊರಟರು. ಓಲಗದವರು ಪಕ್ಕದಲ್ಲೇ ಜೋರಾಗಿ ಊದುತ್ತಿದ್ದರು. ಅವರು ಕೊಡೆಯೂರುತ್ತ ಚಪ್ಪರದ ಕಂಬವನ್ನೇ ನೆಟ್ಟಗೆ ನೋಡುತ್ತ, ಅಪ್ಪನ ಚಾಚಿದ ಕೈಯ ಪಕ್ಕದಲ್ಲೇ, ಒಂದು ಗೇಣು ದೂರದಲ್ಲಿ, ದಾಟಿ ಹೋದರು. ಬೀಗರ ಕಡೆಯ ಯಾರೋ ಕಿಸಕ್ಕೆಂದರು. ಅಪ್ಪನ ಕೈಯಲ್ಲಿ ವೀಳ್ಯ ಹಾಗೇ ಉಳಿಯಿತು.

ನಮ್ಮ ಕಡೆ ಕೊಟ್ಟ ವೀಳ್ಯ ಬಿಟ್ಟು ಹೋದರೆ ಮುಖಕ್ಕೆ ಉಗಿದದ್ದಕ್ಕಿಂತ ಹೆಚ್ಚು. ಮದುವೆ ಮುಗಿದು ನೆಂಟರೆಲ್ಲ ಹೋದ ಮೇಲೆ ಅಪ್ಪ ನನ್ನನ್ನು ಕರೆದರು.

"ಸ್ಕೂಲಾಗೂ ಹಿಂಗೇನಾ ಆತ?" ಎಂದು ಕೇಳಿದರು.

"ಹೂಂ ಅಪ್ಪ. ನಾವು ನಮಸ್ಕಾರ ಮಾಡಿದ್ರೂ ನೋಡಲ್ಲ" ಎಂದೆ.

ಸುಳ್ಳಲ್ಲ. ದಾರಿಯಲ್ಲಿ ಸಿಕ್ಕಾಗ ನಾವು ಕೈ ಮುಗಿದರೆ ಅವರು ನೋಡುತ್ತಿರಲಿಲ್ಲ. ಆದರೆ ನಮಸ್ಕಾರ ಸಾರ್ ಎಂದು ಬಾಯಿಬಿಟ್ಟು ಹೇಳಿದರೆ, ಹೆಸರು ಹಿಡಿದು ಮಾತಾಡಿಸಿ, ಅವ್ವನನ್ನೂ ವಿಚಾರಿಸುತ್ತಿದ್ದರು. ಈ ಎರಡನೆಯ ಮಾತನ್ನು ನಾನು ಅಪ್ಪನಿಗೆ ಹೇಳಲಿಲ್ಲ. ಮಗನೇ ಸಾಕ್ಷಿ ಹೇಳಿದ ಮೇಲೆ ಅಪ್ಪನಿಗೆ ಅನುಮಾನ ಉಳಿಯಲಿಲ್ಲ. ಬಲ್ಲವರೊಬ್ಬರ ಕೈಯಲ್ಲಿ ಮೇಲಿನವರಿಗೆ ಹೇಳಿಸಿದರು. ಎರಡು ತಿಂಗಳಲ್ಲಿ ಮೇಷ್ಟ್ರಿಗೆ ಗಡಿಯ ಕಡೆಯ ಒಂದು ಹಳ್ಳಿಗೆ ವರ್ಗವಾಯಿತು.

ಕಡೆಯ ದಿನವೂ ಅವರು ಹಾಜರಿ ತೆಗೆದರು. 'ವೆನ್ ಮೈ ಫಾದರ್ ಕಮ್ಸ್ ಹೋಮ್' ಎಂದು ನನ್ನ ಸರದಿ ಬಂದಾಗ ನಾನು ಎದೆ ಸೆಟೆಸಿ ಎದ್ದು, ಊರೆಲ್ಲ ಎದ್ದು ನಿಲ್ಲುತ್ತದೆ ಎಂದು ಇಂಗ್ಲಿಷಿನಲ್ಲಿ ಮುಗಿಸಿದೆ. ಕ್ಲಾಸು ನಕ್ಕಿತು. ಮೇಷ್ಟ್ರೂ ಸ್ವಲ್ಪ ನಕ್ಕರು. "ಚೆನ್ನಾಗೈತೆ. ತಪ್ಪಿಲ್ಲ. ಕೂತ್ಕ" ಎಂದರು. ಅಲ್ಲಿಂದಾಚೆ ನಾನು ಅವರನ್ನು ನಾಲ್ಕೈದು ಸಲ ಭೇಟಿಯಾಗಿದ್ದೇನೆ. ಅವರು ಮೊಳಕಾಲ್ಮೂರಿನ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿರುತ್ತಿದ್ದರು, ನಾನು ಸಾರ್ ಎಂದೊಡನೆ ಹೆಸರು ಹೇಳುತ್ತಿದ್ದರು, ಹತ್ತು ನಿಮಿಷ ಮಾತಾಡಿ ಬರುತ್ತಿದ್ದೆ. ವಯಸ್ಸಾಗಿ ಕಣ್ಣು ಮಂಜಾಗಿರಬೇಕು ಎಂದುಕೊಂಡದ್ದು ಬಿಟ್ಟರೆ ನನ್ನ ತಲೆಗೆ ಏನೂ ಹೋಗಲಿಲ್ಲ.

ಮಣ್ಣು ಮುಗಿದ ಸಂಜೆ ಜನ ಚದುರಿದರು. ನಾನು ಎದ್ದು ಹೋಗಲಾರದೆ ಒಳಮನೆಯ ಮಗ್ಗದ ಪಕ್ಕದಲ್ಲಿ ಕೂತಿದ್ದೆ. ಮಗ್ಗದ ಮೇಲೆ ಅರ್ಧ ನೇಯ್ದ ರೇಷ್ಮೆ ಸೀರೆಗೆ ಬಿಳಿ ಬಟ್ಟೆ ಹೊದಿಸಿದ್ದರು. ಮೇಷ್ಟ್ರ ಹೆಂಡತಿ ಬಂದು ಎದುರಿಗೆ ಕೂತು ನನ್ನನ್ನೇ ನೋಡಿ, ನೀನು ಫಾದರ್ ಕಮ್ಸ್ ಹೋಮ್ ಅಲ್ಲವಾ ಎಂದರು. ಆಕೆಗೆ ಇಂಗ್ಲಿಷ್ ಬರುವುದಿಲ್ಲ. ಪ್ರತಿ ವರ್ಷ ಮೇಷ್ಟ್ರು ಅರ್ಧ ವಾಕ್ಯಗಳನ್ನೂ ಹೆಸರುಗಳನ್ನೂ ಮನೆಯಲ್ಲಿ ಗಟ್ಟಿಯಾಗಿ ಹೇಳಿ ಹೇಳಿ ಬಾಯಿಪಾಠ ಮಾಡುತ್ತಿದ್ದರಂತೆ. ಮಗ್ಗದ ಮೇಲೆ ಕೂತು ಕೇಳಿ ಕೇಳಿ ಆಕೆಗೂ ಬಂದುಬಿಟ್ಟಿತ್ತು.

ಉಳಿದದ್ದನ್ನು ಆಕೆಯೇ ಹೇಳಿದರು. ನೋಟ ಸುತ್ತಲಿಂದ ಮುಚ್ಚುತ್ತ ಬರುವ ಕಾಯಿಲೆ. ನಮಗೆ ಪಾಠ ಮಾಡುವ ಹೊತ್ತಿಗೆ ಕೊಳವೆಯೊಳಗಿಂದ ನೋಡಿದಷ್ಟು ಉಳಿದಿತ್ತು, ಅದೂ ಮಸಕು. ಬಾಗಿಲು, ಕಂಬ, ಬೆಳಕು ಗೊತ್ತಾಗುತ್ತಿತ್ತು. ಪಕ್ಕದಲ್ಲಿ ಚಾಚಿದ ಕೈ ಕಾಣುತ್ತಿರಲಿಲ್ಲ. ಮನೆಯಿಂದ ಶಾಲೆಗೆ ಎಷ್ಟು ಹೆಜ್ಜೆ, ಎಲ್ಲಿ ಚರಂಡಿ, ಎಲ್ಲಿ ಮೆಟ್ಟಿಲು ಎಂದು ಗಂಡ ಹೆಂಡತಿ ಭಾನುವಾರಗಳಲ್ಲಿ ನಡೆದು ನಡೆದು ರೂಢಿ ಮಾಡಿಕೊಂಡಿದ್ದರು. ಪರ ಊರಿಗೆ ಹೋಗುವಾಗ ಆಕೆ ಜೊತೆಗಿರುತ್ತಿದ್ದರು. ನಮ್ಮಕ್ಕನ ಮದುವೆಯ ದಿನ ಮಗ್ಗದ ಮೇಲಿದ್ದ ಸೀರೆ ಆವತ್ತೇ ಇಳಿಸಿ ಕೊಡಬೇಕಾಗಿತ್ತು, ಅದಕ್ಕೇ ಒಬ್ಬರನ್ನೇ ಕಳಿಸಿದ್ದರು.

ವೀಳ್ಯದ ವಿಷಯ ಮೇಷ್ಟ್ರಿಗೆ ಗೊತ್ತೇ ಇರಲಿಲ್ಲವೇ ಎಂದು ಕೇಳಿದೆ.

"ಮೂರನೇ ದಿನ ಯಾರೋ ಬಂದು ಹೇಳಿದ್ರು. ಅವತ್ತು ಅನ್ನ ಬಿಟ್ರು. ಸಾವ್ಕಾರ್ರ ಹತ್ರ ಹೋಗಿ ಕೈ ಮುಗಿದು ಬರ್ತೀನಿ ಅಂತ ಹೊರಟೋರು ಬಾಗ್ಲ ತಾವ ನಿಂತ್ಬಿಟ್ರು. ಹೋದ್ರೆ ಯಾಕೆ ಹಂಗೆ ಮಾಡ್ದೆ ಅಂತ ಹೇಳ್ಬೇಕಲ್ಲ ಅಂದ್ರು. ಜಂಬ ಅಂದ್ಕಂಡ್ರೆ ಊರು ಬದಲಾಯಿಸ್ತಾರೆ, ಕುರುಡ ಅಂತ ಗೊತ್ತಾದ್ರೆ ಮನೆಗೆ ಕಳಿಸ್ತಾರೆ ಅಂದ್ರು."

ಊರು ಬದಲಾಯಿಸಿದರು. ಹೊಸ ಊರಿನ ಹೆಜ್ಜೆಗಳನ್ನು ಕಲಿಯಲು ಅವರಿಗೆ ಒಂದು ವಾರವೂ ಸಿಗಲಿಲ್ಲ. ಐದನೇ ದಿನ ಶಾಲೆಯ ಜಗುಲಿಯಿಂದ ಕೆಳಗೆ ಬಿದ್ದು ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಕಣ್ಣಿನ ವಿಷಯ ಹೊರಬಿತ್ತು. ಅವಧಿಗೆ ಮೊದಲೇ ನಿವೃತ್ತಿ ಕೇಳಿ ಬರೆದುಕೊಟ್ಟರು. ನಮ್ಮ ಕಡೆಗೆ ಬಂದದ್ದು ಸೊಂಟ ಮುರಿದು ನಿವೃತ್ತಿ ಪಡೆದರೆಂಬ ಸುದ್ದಿ ಮಾತ್ರ. ಆಮೇಲೆ ಹದಿನೇಳು ವರ್ಷ ಆ ಕಟ್ಟೆ, ಆ ಮಗ್ಗದ ಸದ್ದು. ನಾನು ಭೇಟಿಗೆ ಹೋದಾಗಲೆಲ್ಲ ಅವರು ನನ್ನ ಕೆಲಸದ ಬಗ್ಗೆ ಕೇಳುತ್ತಿದ್ದರು, ಅಪ್ಪ ಚೆನ್ನಾಗಿದ್ದಾರಾ ಎಂದು ಕೇಳುತ್ತಿದ್ದರು. ಎಲ್ಲ ಗೊತ್ತಿದ್ದೂ ಕೇಳುತ್ತಿದ್ದರು. ಇದನ್ನು ಬರೆಯುವಾಗಲೂ ನನಗೆ ನಂಬಲಾಗುತ್ತಿಲ್ಲ.

ನಾನು ಚಳ್ಳಕೆರೆಯ ಬಸ್ಸು ಹತ್ತಲಿಲ್ಲ. ಕೊಂಡ್ಲಹಳ್ಳಿಗೆ ಹೋದೆ. ಅಪ್ಪ ಇನ್ನೂ ಕಣದಿಂದ ಬಂದಿರಲಿಲ್ಲ. ಜಗುಲಿಯ ಮೇಲೆ ಕೂತು ಕಾದೆ. ಮೇಷ್ಟ್ರು ಕೊಟ್ಟ ಅರ್ಧ ವಾಕ್ಯವನ್ನು ಆ ವರ್ಷ ನಾನು ನೂರು ಬಗೆಯಲ್ಲಿ ಮುಗಿಸಿದ್ದೆ. ಅಪ್ಪ ಮನೆಗೆ ಬಂದಾಗ ಅವ್ವ ಕಾಲಿಗೆ ನೀರು ಕೊಡುತ್ತಾಳೆ, ನಾಯಿ ಬಾಲ ಅಲ್ಲಾಡಿಸುತ್ತದೆ, ನಾನು ಪುಸ್ತಕ ಹಿಡಿಯುತ್ತೇನೆ, ಹೀಗೆ. ಹೇಳಬೇಕಾಗಿದ್ದದ್ದನ್ನು ಒಂದು ದಿನವೂ ಹೇಳಿರಲಿಲ್ಲ. ಅಪ್ಪ ಮನೆಗೆ ಬಂದರು. ನಾನು ಎಲ್ಲ ಹೇಳಿದೆ. ಅವರು ಕೇಳಿದ್ದಕ್ಕೆ ನಾನು ಅರ್ಧ ಮಾತ್ರ ಉತ್ತರ ಕೊಟ್ಟಿದ್ದನ್ನೂ ಹೇಳಿದೆ.

ಅಪ್ಪ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಕಾಣ್ತಿರಲಿಲ್ಲವಾ ಎಂದರು. ಮತ್ತೆ ಅದನ್ನೇ ಕೇಳಿದರು. ಅವ್ವ ಊಟಕ್ಕೆ ಕರೆದದ್ದು ಅವರಿಗೆ ಕೇಳಲಿಲ್ಲ. ಕೊನೆಗೆ, "ನಾನು ಒಂದು ಮಾತು ಆಡಿದ್ರೆ ಆಗಿತ್ತಲ್ಲೋ" ಎಂದು ಎದ್ದು ಒಳಗೆ ಹೋದರು.

ತಿಥಿ ಮುಗಿದು ನಾಲ್ಕು ದಿನಕ್ಕೆ ನನ್ನನ್ನು ಕರೆದುಕೊಂಡು ಮೊಳಕಾಲ್ಮೂರಿಗೆ ಹೊರಟರು. ಕೈಯಲ್ಲಿ ಒಂದು ಬಟ್ಟೆಯ ಚೀಲ. ಅದರಲ್ಲಿ ಒಂದು ಕವಳೆ ವೀಳ್ಯದೆಲೆ, ಅಡಿಕೆ, ಒಂದು ಕಾಯಿ. ಸಾವಿನ ಮನೆಗೆ ಇದನ್ನೆಲ್ಲ ಒಯ್ಯುತ್ತಾರಾ ಎಂದು ಅವ್ವ ಗೊಣಗಿದಳು. ಅಪ್ಪ ಕೇಳಿಸಿಕೊಳ್ಳಲಿಲ್ಲ.

ಬಾಗಿಲು ತೆರೆದೇ ಇತ್ತು. ಮೇಷ್ಟ್ರ ಹೆಂಡತಿ ಆಗಲೇ ಮಗ್ಗಕ್ಕೆ ಕೂತಿದ್ದರು, ನಮಗೆ ಬೆನ್ನು ಹಾಕಿ. ಗೋಡೆಯ ಮೇಲೆ ಮೇಷ್ಟ್ರ ಫೋಟೋ, ಅದರ ಪಕ್ಕದ ಮೊಳೆಗೆ ಕೊಡೆ. ನಾನು ಮಾತಾಡಿಸಲು ಹೋದೆ, ಅಪ್ಪ ಬೇಡವೆಂದು ಸನ್ನೆ ಮಾಡಿದರು. ಎಲೆ ಅಡಿಕೆಯ ಮೇಲೆ ಕಾಯಿ ಇಟ್ಟು, ಫೋಟೋದ ಕಡೆಗೆ ಎರಡೂ ಕೈ ಚಾಚಿ, ಮದುವೆಯ ಚಪ್ಪರದಲ್ಲಿ ನಿಂತ ಹಾಗೆಯೇ ತುಟಿ ಬಿಗಿದು ನಿಂತರು. ಅಭ್ಯಾಸ ಬಿಡಬೇಕಲ್ಲ.

ಹೆಜ್ಜೆಯ ಸದ್ದಿಗೆ ಆಕೆ ಲಾಳಿ ನಿಲ್ಲಿಸಿದರು. ತಿರುಗಿ ನೋಡಲಿಲ್ಲ, ಎಳೆ ಕೈಯಲ್ಲೇ ಇತ್ತು.

"ಯಾರು? ಬಾಯಿಬಿಟ್ಟು ಹೇಳ್ರಿ. ಈ ಮನೇಲಿ ಸುಮ್ನೆ ಕೈ ಚಾಚಿ ನಿಂತ್ರೆ ಯಾರಿಗೂ ಕಾಣಲ್ಲ" ಎಂದರು. ಹದಿನೇಳು ವರ್ಷ ಸುಮ್ಮನೆ ಬಂದು ನಿಂತವರಿಗೆಲ್ಲ ಹೇಳಿ ಹೇಳಿ ಬಾಯಿಗೆ ಬಂದುಬಿಟ್ಟಿದ್ದ ಮಾತಿರಬೇಕು.

ಅಪ್ಪನ ತುಟಿ ಎರಡು ಮೂರು ಸಲ ಅಲುಗಿತು.

"ತಗೊಳ್ರಿ ಮೇಷ್ಟ್ರೇ" ಎಂದರು.